ಸೈಡ್ ಸ್ಟ್ಯಾಂಡ್ ಅಂತ ಕೂಗುವವರು ಹಿಂದಿನ ಲೈಟಿಗೂ ಒಂದು ಕೂಗು ಹಾಕಿ

ಮಾನ್ಯ ಸಂಪಾದಕರಿಗೆ ನಮಸ್ಕಾರ.

ಪುಷ್ಯ ಮಳೆ ಹಿಡಿದ ವಾರ. ನಮ್ಮನೆಯವರ ಕಣ್ಣು ತೋರಿಸಿಕೊಂಡು ಶಿವಮೊಗ್ಗದಿಂದ ತೀರ್ಥಹಳ್ಳಿ ಕಡೆ ಬರುತ್ತಿದ್ದೆವು. ಕಾರು ಓಡಿಸುವುದು ನಾನೇ. ಸಕ್ಕರೆ ಕಾಯಿಲೆಯಿಂದ ಅವರ ಕಣ್ಣು ಮಂದ ಆದ ಮೇಲೆ, ನನ್ನ 47ನೇ ವಯಸ್ಸಿನಲ್ಲಿ ಕಲಿತದ್ದು. ಈಗ ನನಗೆ 61. ಕಾರಿಗೂ ವಯಸ್ಸಾಗಿದೆ, 14 ವರ್ಷ. ಬಿಳಿ ಬಣ್ಣದ ಸಣ್ಣ ಕಾರು. ಈಗಿನ ಕಾರುಗಳಿಗೆ ಹಿಂದಿನ ಗಾಜಿನಲ್ಲಿ ಮೂರನೇ ಬ್ರೇಕ್ ಲೈಟ್ ಇರುತ್ತದಲ್ಲ, ಅದು ನಮ್ಮದಕ್ಕಿಲ್ಲ.

ಗಾಜನೂರು ದಾಟುವಾಗ ಸಂಜೆ ಆರೂವರೆ ಇರಬೇಕು. ಮಳೆ ಒಂದೇ ಸಮ ಹೊಯ್ಯುತ್ತಿತ್ತು. ಸಕ್ರೆಬೈಲಿನ ಹತ್ತಿರ ಮರಗಳ ಕೆಳಗೆ ಪೂರ್ತಿ ಕತ್ತಲೆ. ಹಿಂದೆ ಒಂದು ಬಸ್ಸು. ಅದರ ಲೈಟು ನನ್ನ ಕನ್ನಡಿಯಲ್ಲಿ ಒಮ್ಮೆ ದೊಡ್ಡದಾಗುತ್ತದೆ, ಒಮ್ಮೆ ಹಿಂದೆ ಸರಿಯುತ್ತದೆ, ನಡುವೆ ಹಾರ್ನ್ ಬೇರೆ. ಬಸ್ಸಿನವರಿಗೆ ಯಾವತ್ತೂ ಅವಸರ ಅಂತ ಬೈದುಕೊಂಡೇ ಓಡಿಸಿದೆ.

ಮಂಡಗದ್ದೆಯಲ್ಲಿ ಟೀಗೆ ನಿಲ್ಲಿಸಿದೆ. ಅದೇ ಬಸ್ಸು ಬಂದು ನಿಂತಿತು. ಡ್ರೈವರ್ ಇಳಿದು, ಟವೆಲ್ ತಲೆ ಮೇಲೆ ಹಾಕಿಕೊಂಡು ಸೀದಾ ನಮ್ಮ ಹತ್ತಿರ ಬಂದರು. ಜಗಳಕ್ಕೇ ಬಂದರು ಅಂತ ನಾನು ಸೆರಗು ಸಿಕ್ಕಿಸಿಕೊಂಡೆ.

"ಅಮ್ಮಾ, ಬೇಜಾರ್ ಮಾಡ್ಕೋಬೇಡಿ. ನಿಮ್ಮ ಗಾಡಿಗೆ ಹಿಂದೆ ಬಲಗಡೆ ಒಂದೇ ಲೈಟ್ ಉರೀತಿದೆ. ನಾನು ಬೈಕ್ ಅಂತ ತಿಳ್ಕೊಂಡೆ. ಇವನೆಂತಕ್ಕೆ ರೋಡಿನ ಮಧ್ಯ ಹೋಗ್ತಿದಾನೆ ಅಂತ ಎಡಗಡೆಯಿಂದ ನುಗ್ಗೋದ್ರಲ್ಲಿದ್ದೆ. ಹತ್ರ ಬಂದ್ರೆ ಎಡಗಡೆ ಪೂರ್ತಿ ಕಾರಿದೆ! ನೀವು ಬ್ರೇಕ್ ಹಾಕಿದ್ದೂ ಗೊತ್ತಾಗಲ್ಲ ಮಾರಾಯ್ರೆ. ಎರಡು ಸಲ ಬ್ರೇಕ್ ಮೇಲೆ ನಿಂತ್ಕೊಂಡ್‌ಬಿಟ್ಟೆ."

ನನ್ನ ಕೈಯಲ್ಲಿದ್ದ ಟೀ ಲೋಟ ನಡುಗಿತು. ಅವರ ಬಸ್ಸಿನಲ್ಲಿ ಎಷ್ಟು ಜನ ಇದ್ದರೋ. ನಮ್ಮನೆಯವರು ಮಾತ್ರ, "ಮೊನ್ನೆ ತಾನೇ ಬಲ್ಬ್ ಹಾಕಿಸಿದೀವಲ್ಲ" ಅಂದರು.

ಅದೂ ನಿಜವೇ. ಎರಡು ವಾರದ ಹಿಂದೆ ಒಂದು ಅಂಗಡಿಯಲ್ಲಿ ಬಲಗಡೆ ಬಲ್ಬ್ ಬದಲಿಸಿಕೊಂಡಿದ್ದೆವು. ಹುಡುಗ ಹಾಕಿದ, "ಆಯ್ತಮ್ಮ" ಅಂದ, ದುಡ್ಡು ಕೊಟ್ಟು ಬಂದೆವು. ಬ್ರೇಕ್ ಒತ್ತಿ ನೋಡಲಿಲ್ಲ. ಅದು ನನ್ನ ತಪ್ಪು, ಹಾಗಾಗಿ ಅಂಗಡಿ ಹೆಸರು ಬರೆಯುವುದಿಲ್ಲ.

ಈ ಕಾಗದ ಬರೆಯಲು ಕಾರಣ ಬೇರೆ ಇದೆ. ಅವತ್ತು ಬೆಳಗ್ಗೆಯಿಂದ ಸಂಜೆವರೆಗೆ ಶಿವಮೊಗ್ಗದಲ್ಲೇ ಓಡಾಡಿದ್ದೆ. ಬಿ.ಎಚ್. ರಸ್ತೆ, ದುರ್ಗಿಗುಡಿ, ಎಲ್ಲ ಸಿಗ್ನಲ್ಲು. ನನ್ನ ಕಾರಿನ ಹಿಂದೆ ಕಡಿಮೆ ಅಂದರೂ ನೂರು ಗಾಡಿ ನಿಂತಿರಬೇಕು. ಬ್ರೇಕ್ ಒತ್ತಿದರೆ ಎಡಗಡೆ ಏನೂ ಇಲ್ಲ, ಬಲಗಡೆ ಮಿಣುಕು. ಅಷ್ಟು ಜನಕ್ಕೆ ಕಂಡಿರುತ್ತದೆ. ಒಬ್ಬರೂ ಹೇಳಲಿಲ್ಲ.

ನಮ್ಮ ಜನ ಮಾತಾಡದವರೇನಲ್ಲ. ಒಬ್ಬ ಸೈಡ್ ಸ್ಟ್ಯಾಂಡ್ ಎತ್ತದೆ ಬೈಕ್ ಹೊರಡಿಸಲಿ ನೋಡೋಣ. "ಸ್ಟ್ಯಾಂಡ್, ಸ್ಟ್ಯಾಂಡ್!" ಅಂತ ಪಾನಂಗಡಿಯವರಿಂದ ಹಿಡಿದು ಆಟೋದವರವರೆಗೆ ಕೂಗುತ್ತಾರೆ. ಹಿಂದೆ ಕೂತವಳ ಸೆರಗು ಚಕ್ರದ ಹತ್ತಿರ ಹಾರುತ್ತಿದ್ದರೆ ಗುರುತಿಲ್ಲದವರು ಅಟ್ಟಿಸಿಕೊಂಡು ಬಂದು ಹೇಳುತ್ತಾರೆ. ಹಗಲಲ್ಲಿ ಹೆಡ್‌ಲೈಟ್ ಉರಿಯುತ್ತಿದ್ದರೆ ಎದುರು ಬರುವವರು ಕೈ ಮುಚ್ಚಿ ಬಿಚ್ಚಿ ತೋರಿಸುತ್ತಾರೆ. ಇವೆಲ್ಲ ಯಾರೂ ಕಾನೂನು ಮಾಡಿ ಕಲಿಸಿದ್ದಲ್ಲ. ಹಿಂದಿನ ಲೈಟಿಗೆ ಮಾತ್ರ ಇಂಥದೊಂದು ರೂಢಿ ಬರಲೇ ಇಲ್ಲ. ಇದಕ್ಕೇ ಜಾಸ್ತಿ ಬೇಕಾಗಿತ್ತು, ಅಲ್ವಾ? ಹೆಡ್‌ಲೈಟ್ ಹೋದರೆ ಓಡಿಸುವವರಿಗೇ ಗೊತ್ತಾಗುತ್ತದೆ. ಹಿಂದಿನ ಲೈಟು ಹೋದರೆ ಹಿಂದೆ ಇರುವವರಿಗೆ ಮಾತ್ರ.

ಮಾರನೇ ದಿನ ಭಾನುವಾರ. ತೀರ್ಥಹಳ್ಳಿಯಲ್ಲಿ ನಮ್ಮ ಗುರುತಿನ ಎಲೆಕ್ಟ್ರಿಷಿಯನ್ ಅಂಗಡಿ ಮುಚ್ಚಿತ್ತು. ನಾನೇ ಬಿಚ್ಚಿ ನೋಡುತ್ತೇನೆ ಅಂದೆ. ಬೆಂಗಳೂರಿನ ಮಗ ಫೋನಿನಲ್ಲಿ "ಅಮ್ಮ, ಮುಟ್ಬೇಡ, ಗ್ಯಾರೇಜಿಗೆ ಕೊಡು" ಅಂದ. ಮೂವತ್ತು ವರ್ಷ ಪೋಸ್ಟ್ ಆಫೀಸಿನಲ್ಲಿ ಅರಗು ಕರಗಿಸಿ ಚೀಲಕ್ಕೆ ಮುದ್ರೆ ಒತ್ತಿದ ಕೈ ಇದು. ನಾಲ್ಕು ಸ್ಕ್ರೂಗೆ ಹೆದರುವುದೇ? ಲೈಟೆಲ್ಲ ಆಫ್ ಮಾಡಿ, ಕೀ ತೆಗೆದು ನಮ್ಮನೆಯವರ ಕೈಗೆ ಕೊಟ್ಟು, ಡಿಕ್ಕಿ ಎತ್ತಿದೆ. ಅವರು ಕೊಡೆ ಹಿಡಿದು ನಿಂತರು.

ಮೊದಲು ಎಡಗಡೆ. ನಮ್ಮ ಕಾರಿನಲ್ಲಿ ಡಿಕ್ಕಿಯ ಒಳಗಿನಿಂದ ಹೋಲ್ಡರ್‌ಗೆ ಕೈ ಸಿಗುತ್ತದೆ. ಕೆಲವು ಕಾರುಗಳಲ್ಲಿ ಲೈಟಿನ ಇಡೀ ಪೆಟ್ಟಿಗೆಯನ್ನೇ, ಅಂದರೆ ಅಸೆಂಬ್ಲಿಯನ್ನೇ ಹೊರಗೆ ಎಳೆಯಬೇಕು. ಹೋಲ್ಡರ್ ಹಿಡಿದು ಎಡಕ್ಕೆ ಅರ್ಧಕ್ಕಿಂತ ಕಡಿಮೆ ತಿರುಗಿಸಿದರೆ ಕಳಚಿ ಬರುತ್ತದೆ. ಬಂತು. ಅದರ ಜೊತೆ ಒಂದು ಹಿಡಿ ಇರುವೆ ಬಂತು, ಬಿಳಿ ಮೊಟ್ಟೆ ಸಮೇತ. ಮಳೆಗಾಲಕ್ಕೆ ಬೆಚ್ಚಗಿನ ಜಾಗ ಅಂತ ಮನೆ ಮಾಡಿದ್ದವು. ಬಾಡಿಗೆ ಕೇಳುವ ಹಾಗೂ ಇಲ್ಲ.

ಇರುವೆ ಕೊಡವಿ ಒಳಗೆ ನೋಡಿದರೆ ಹೋಲ್ಡರಿನ ಹಿತ್ತಾಳೆ ಪಟ್ಟಿಗಳು ಹಸಿರು ನೀಲಿ. ಅಡಿಕೆ ಬೆಳೆಗಾರರಿಗೆ ಬಣ್ಣ ಹೇಳಿದರೆ ಸಾಕು: ಥೇಟ್ ಮೈಲುತುತ್ತ. ಕೊಳೆ ರೋಗಕ್ಕೆ ನೂರು ಲೀಟರಿಗೆ ಒಂದು ಕೆ.ಜಿ. ಮೈಲುತುತ್ತ, ಒಂದು ಕೆ.ಜಿ. ಸುಣ್ಣ ಹಾಕಿ ಬೋರ್ಡೋ ದ್ರಾವಣ ಮಾಡುತ್ತೇವಲ್ಲ, ಅದೇ ಬಣ್ಣ. ತಾಮ್ರ ನೀರು ಕುಡಿದರೆ ಹೀಗಾಗುತ್ತದೆ. ಬಲ್ಬ್ ಹೋಲ್ಡರಿಗೆ ಅಂಟಿಕೊಂಡು ಕೂತಿತ್ತು. ಬರಿಗೈಯಲ್ಲಿ ತಿರುಚಿದರೆ ಗಾಜು ಒಡೆದು ಕೈಗೆ ಹೊಗುತ್ತದೆ. ಹಳೇ ಟವೆಲ್ ಸುತ್ತಿ, ಒಳಗೆ ಒತ್ತಿ, ಎಡಕ್ಕೆ ತಿರುಗಿಸಿ ತೆಗೆದೆ. ಬಲ್ಬ್ ಮೋಡದ ಹಾಗೆ ಕಪ್ಪಾಗಿತ್ತು. ಅದೂ ಸತ್ತಿತ್ತು, ಹೋಲ್ಡರೂ ಸತ್ತಿತ್ತು.

ಬಲಗಡೆ ಬಿಚ್ಚಿದಾಗ ನಿಜವಾದ ಕಥೆ ಗೊತ್ತಾಯಿತು. ಹೊಸ ಬಲ್ಬ್ ಫಳಫಳ ಅನ್ನುತ್ತಿದೆ. ಆದರೆ ಓರೆಯಾಗಿ ಕೂತಿದೆ, ಹೋಲ್ಡರಿನ ಅಂಚು ಬಗ್ಗಿದೆ. ಮುಂದಿನ ಕೆಂಪು ಪ್ಲಾಸ್ಟಿಕ್ ಬಲ್ಬಿನ ಎದುರಿಗೆ ನಾಲ್ಕಾಣೆ ಅಗಲ ಕಂದು ಬಣ್ಣಕ್ಕೆ ತಿರುಗಿ, ಹಪ್ಪಳ ಸುಟ್ಟ ಹಾಗೆ ಗುಳ್ಳೆ ಎದ್ದಿದೆ.

ಸೋಮವಾರ ಎರಡೂ ಬಲ್ಬ್ ಹಿಡಿದುಕೊಂಡು ಎಲೆಕ್ಟ್ರಿಷಿಯನ್ ಹತ್ತಿರ ಹೋದೆ. ಅವರು ಬಲ್ಬನ್ನು ಬೆಳಕಿಗೆ ಹಿಡಿದು ನಿಧಾನವಾಗಿ ಹೇಳಿಕೊಟ್ಟರು. ಅಷ್ಟು ವರ್ಷ ಕಾರು ಓಡಿಸಿದ ನನಗೆ ಇದು ಗೊತ್ತಿರಲಿಲ್ಲ, ನಿಮ್ಮ ಓದುಗರಲ್ಲೂ ಎಷ್ಟೋ ಜನಕ್ಕೆ ಗೊತ್ತಿರಲಿಕ್ಕಿಲ್ಲ. ಆದ್ದರಿಂದ ಈ ಭಾಗ ಮಾತ್ರ ದಯವಿಟ್ಟು ಕತ್ತರಿಸಬೇಡಿ.

ಬಲ್ಬಿನ ಬುಡದಲ್ಲಿ "12 ವೋಲ್ಟ್ 21/5 ವ್ಯಾಟ್" ಅಂತ ಬರೆದಿರುತ್ತದೆ. ಒಂದೇ ಗಾಜಿನೊಳಗೆ ಎರಡು ತಂತಿ. ಸಣ್ಣದು 5 ವ್ಯಾಟ್, ರಾತ್ರಿ ಸದಾ ಉರಿಯುವ ಹಿಂದಿನ ಲೈಟು. ದೊಡ್ಡದು 21 ವ್ಯಾಟ್, ಬ್ರೇಕ್ ಒತ್ತಿದಾಗ ಮಾತ್ರ. ನಾಲ್ಕು ಪಟ್ಟು ಜಾಸ್ತಿ. ಆ ವ್ಯತ್ಯಾಸವನ್ನು ನೋಡಿಯೇ ಹಿಂದಿನವರು "ಓ, ಬ್ರೇಕ್ ಹಾಕಿದರು" ಅಂತ ತಿಳಿಯುವುದು. ಎರಡನ್ನೂ ಅದಲು ಬದಲು ಹಾಕಬಾರದು ಅಂತಲೇ ಬಲ್ಬಿನ ಹಿತ್ತಾಳೆ ಬುಡಕ್ಕೆ ಎರಡು ಮೊಳೆ ತಲೆಯಂಥ ಮೂತಿ ಇರುತ್ತವೆ, ಒಂದು ಮೇಲೆ, ಒಂದು ಸ್ವಲ್ಪ ಕೆಳಗೆ. ಸರಿಯಾದ ದಿಕ್ಕಿನಲ್ಲಿ ಇಟ್ಟರೆ ಸಲೀಸಾಗಿ ಇಳಿಯುತ್ತದೆ. ತಿರುಗುಮುರುಗು ಇಟ್ಟರೆ ಇಳಿಯುವುದಿಲ್ಲ. ಬರೀ ಇಂಡಿಕೇಟರಿಗೆ ಹಾಕುವ ಒಂದೇ ತಂತಿಯ ಬಲ್ಬಿನ ಬುಡ ಬೇರೆ ಥರ, ಕೆಳಗೆ ಸೀಸದ ಬೊಟ್ಟು ಒಂದೇ ಇರುತ್ತದೆ. ಇದಕ್ಕೆ ಎರಡು ಬೊಟ್ಟು.

"ಆ ಅಂಗಡಿ ಹುಡುಗ ಬಲವಂತಕ್ಕೆ ಬಸಿರು ಮಾಡಿದಾನೆ ಅಮ್ಮ" ಅಂದರು ಎಲೆಕ್ಟ್ರಿಷಿಯನ್. ತಿರುಗುಮುರುಗು ಇಟ್ಟು ಒತ್ತಿ ಕೂರಿಸಿದ್ದಾನೆ. ಹಾಗಾಗಿ ಲೈಟ್ ಹಾಕಿದ ಕೂಡಲೇ 21 ವ್ಯಾಟಿನದು ಉರಿಯಲು ಶುರು. ಎರಡು ವಾರ ರಾತ್ರಿ ಹೊತ್ತು ಉರಿದು ಉರಿದು ಆ ಕಾವಿಗೆ ಪ್ಲಾಸ್ಟಿಕ್ ಗುಳ್ಳೆ ಎದ್ದಿದೆ. ಬ್ರೇಕ್ ಒತ್ತಿದರೆ ಅದರ ಜೊತೆ 5 ವ್ಯಾಟಿನ ಮಿಣುಕು ಸೇರಿಕೊಳ್ಳುತ್ತದೆ. ಸೂರ್ಯನ ಪಕ್ಕ ಬುಡ್ಡಿ ದೀಪ ಹಚ್ಚಿದ ಹಾಗೆ. ಬಸ್ ಡ್ರೈವರಿಗೆ ಗೊತ್ತಾಗುವುದಾದರೂ ಹೇಗೆ?

ಬಲ್ಬ್ ಒಂದಕ್ಕೆ ಮೂವತ್ತು ರೂಪಾಯಿ ತೆಗೆದುಕೊಂಡರು. ಎರಡೂ ಕಡೆಗೆ ಹೊಸದು, ಡ್ಯಾಶ್‌ಬೋರ್ಡಿನಲ್ಲಿ ಇಟ್ಟುಕೊಳ್ಳಲು ಇನ್ನೆರಡು. ಬಲಗಡೆಯ ಬಗ್ಗಿದ ಅಂಚನ್ನು ಇಕ್ಕಳದಲ್ಲಿ ನೇರ ಮಾಡಿಕೊಟ್ಟರು. ಎಡಗಡೆ ಹೋಲ್ಡರನ್ನು ಎಮರಿ ಪೇಪರ್ ಚೂರಿನಲ್ಲಿ ಹಿತ್ತಾಳೆ ಕಾಣುವ ತನಕ ಉಜ್ಜಿ, ಹಳೇ ಹಲ್ಲುಜ್ಜುವ ಬ್ರಷ್ಷಿನಲ್ಲಿ ಪುಡಿ ತೆಗೆದು, ತೆಳ್ಳಗೆ ವ್ಯಾಸಲೀನ್ ಸವರಿದರು. ನೀರು ಹಿಡಿಯದ ಹಾಗೆ. ಬ್ಯಾಟರಿ ಟರ್ಮಿನಲ್ಲಿಗೆ ಹಚ್ಚುತ್ತೇವಲ್ಲ, ಹಾಗೇ. ಹೆಡ್‌ಲೈಟಿನ ಹ್ಯಾಲೋಜೆನ್ ಬಲ್ಬಿನ ಗಾಜನ್ನು ಬೆರಳಲ್ಲಿ ಮುಟ್ಟಬಾರದು ಅಂತಾರೆ, ಈ ಸಣ್ಣ ಬಲ್ಬಿಗೆ ಅಷ್ಟೊಂದು ಮಡಿ ಇಲ್ಲ. ಒರೆಸಿ ಹಾಕಿದರೆ ಆಯಿತು. ಉರಿದ ತಕ್ಷಣ ಮುಟ್ಟಬೇಡಿ, ಬೆರಳು ಸುಡುತ್ತದೆ.

ಎಡಗಡೆ ಹೊಸ ಬಲ್ಬ್ ಹಾಕಿದರೂ ಮೊದಲಿಗೆ ಒಂದು ವಿಚಿತ್ರ ಆಯಿತು. ಬ್ರೇಕ್ ಒತ್ತಿದರೆ ಎಡಗಡೆ ಇಂಡಿಕೇಟರ್ ಮಂಕಾಗಿ ಉರಿಯುತ್ತದೆ, ಕೆಂಪು ಲೈಟು ಕಡಿಮೆಯಾಗುತ್ತದೆ. "ಅರ್ಥ್ ಸಿಗ್ತಿಲ್ಲ" ಅಂದರು. ಕರೆಂಟು ಬಲ್ಬಿಗೆ ಬಂದರಷ್ಟೇ ಸಾಲದು, ವಾಪಸ್ ಹೋಗಲೂ ದಾರಿ ಬೇಕು. ಆ ದಾರಿ ಅಂದರೆ ಕಾರಿನ ತಗಡಿನ ಮೈಗೆ ಸ್ಕ್ರೂ ಹಾಕಿ ಕೂರಿಸಿದ ಒಂದು ಕಪ್ಪು ವೈರು. ಅಲ್ಲಿ ತುಕ್ಕು ಹಿಡಿದರೆ ಕರೆಂಟು ಪಕ್ಕದ ಬಲ್ಬಿನ ಮೂಲಕ ಕಳ್ಳದಾರಿ ಹುಡುಕುತ್ತದೆ. ಆ ಸ್ಕ್ರೂ ಬಿಚ್ಚಿ, ತುಕ್ಕು ಕೆರೆದು, ಬಿಗಿ ಮಾಡಿದ ಮೇಲೆ ಸರಿಯಾಯಿತು. ಬಲ್ಬ್ ಬದಲಿಸಿ ಬದಲಿಸಿ ಬೇಸತ್ತವರು ಇದನ್ನೊಂದು ನೋಡಿ.

ಅವರು ಹೇಳಿದ ಇನ್ನೂ ಒಂದೆರಡು ಲೆಕ್ಕ ನೆನಪಿದೆ. ಒಂದು ಕಡೆ ಮಾತ್ರ ಹೋಗಿದ್ದರೆ ಬಲ್ಬೋ ಹೋಲ್ಡರೋ ಅರ್ಥೋ. ಎಲ್ಲಾ ಒಟ್ಟಿಗೆ ಹೋಗಿದ್ದರೆ ಮೊದಲು ಫ್ಯೂಸ್ ನೋಡಬೇಕು. ಬ್ರೇಕ್ ಲೈಟು ಎರಡೂ ಕಡೆ ಸತ್ತು, ಉಳಿದದ್ದೆಲ್ಲ ಸರಿ ಇದ್ದರೆ ಪೆಡಲಿನ ಮೇಲ್ಗಡೆ ಒಂದು ಸಣ್ಣ ಸ್ವಿಚ್ ಇರುತ್ತದೆ, ಅದರ ಮೇಲೆ ಅನುಮಾನ ಪಡಬೇಕು. ಇಂಡಿಕೇಟರ್ ಇದ್ದಕ್ಕಿದ್ದಂತೆ ಪಟಪಟ ಅಂತ ಅವಸರದಲ್ಲಿ ಮಿಣುಕಿದರೆ ಆ ಕಡೆಯ ಒಂದು ಬಲ್ಬ್ ಹೋಗಿದೆ ಅಂತ. ಫ್ಯೂಸ್ ಹೋದಾಗ ಅಷ್ಟೇ ಆಂಪಿಯರಿನದನ್ನೇ ಹಾಕಬೇಕು. ಕೆಂಪು 10, ನೀಲಿ 15. ಸಿಗರೇಟ್ ಪ್ಯಾಕಿನ ಬೇಗಡೆ ಸುತ್ತಿ ಹಾಕುವ ಜಾಣರು ನಮ್ಮೂರಲ್ಲೂ ಇದ್ದಾರೆ. ಆಮೇಲೆ ಸುಡುವುದು ಫ್ಯೂಸ್ ಅಲ್ಲ, ವೈರಿಂಗು. ಇಲಿ ಕಚ್ಚಿದ ವೈರು ಮಲೆನಾಡಿನಲ್ಲಿ ಬೇರೆಯದೇ ಪುರಾಣ, ಅದನ್ನು ಇಲ್ಲಿ ಬಿಚ್ಚುವುದಿಲ್ಲ.

ಈಗ ಪ್ರತಿ ಭಾನುವಾರ ಸಂಜೆ ಕೊಟ್ಟಿಗೆಯ ಸುಣ್ಣ ಬಳಿದ ಗೋಡೆಗೆ ಕಾರಿನ ಬೆನ್ನು ತಿರುಗಿಸಿ ನಿಲ್ಲಿಸುತ್ತೇನೆ. ಲೈಟು ಹಾಕಿದರೆ ಗೋಡೆ ಮೇಲೆ ಕೆಂಪು ಎರಡು ಮಚ್ಚೆ. ಬ್ರೇಕ್ ಒತ್ತಿದರೆ ಎರಡೂ ಒಟ್ಟಿಗೆ ಜೋರಾಗಬೇಕು. ಕನ್ನಡಿಯಲ್ಲೇ ಕಾಣುತ್ತದೆ, ಇಳಿಯುವುದೂ ಬೇಡ. ಗೋಡೆ ಇಲ್ಲದಿದ್ದರೆ ಇನ್ನೊಂದು ಉಪಾಯ: ಅಡಿಕೆ ದಬ್ಬೆಯ, ಅಂದರೆ ಸೀಳಿದ ಅಡಿಕೆ ಮರದ ಒಂದು ತುಂಡನ್ನು ಬ್ರೇಕ್ ಪೆಡಲಿಗೂ ಸೀಟಿಗೂ ನಡುವೆ ಒತ್ತಿ ನಿಲ್ಲಿಸಿ, ಹಿಂದೆ ಹೋಗಿ ನೋಡುವುದು. ಮೊದಲೆಲ್ಲ ಪೆಡಲ್ ಒತ್ತುವ ಕೆಲಸ ನಮ್ಮನೆಯವರದು. ಎರಡು ಭಾನುವಾರ ಆದ ಮೇಲೆ "ದಬ್ಬೆ ಇದೆಯಲ್ಲ, ನಾನೆಂತಕ್ಕೆ" ಅಂತ ಮಲಗಿಬಿಟ್ಟರು. ದಬ್ಬೆ ತೆಗೆಯುವುದನ್ನು ಮರೆಯಬೇಡಿ, ಬ್ಯಾಟರಿ ಇಳಿದುಹೋಗುತ್ತದೆ. ನನಗೆ ಒಮ್ಮೆ ಆಯಿತು.

ಲೈಟು ಸರಿ ಇದ್ದರೂ ಕಾಣದಿರಲು ಮಲೆನಾಡಿನಲ್ಲಿ ಕಾರಣ ಬೇಕಾದಷ್ಟಿವೆ. ಕೆಂಪು ಮಣ್ಣಿನ ರಾಡಿ ಸಿಡಿದು ಗಾಜಿನ ಮೇಲೆ ಲೇಪ ಆಗಿರುತ್ತದೆ. ಮುಂದಿನ ಗಾಜನ್ನು ಪೇಪರಿನಲ್ಲಿ ತಿಕ್ಕಿ ತಿಕ್ಕಿ ಒರೆಸುವವರು ಹಿಂದಿನ ಲೈಟಿಗೆ ಒಂದು ಸಲ ಕೈ ಆಡಿಸುವುದಿಲ್ಲ. ಒಳಗೆ ತೆಳ್ಳಗೆ ಹಬೆ ಹಿಡಿದರೆ ಚಿಂತೆ ಇಲ್ಲ, ಬಿಸಿಲಿಗೆ ಹೋಗುತ್ತದೆ. ನೀರೇ ನಿಂತು ಕುಲುಕುತ್ತಿದ್ದರೆ ಬಿರುಕು ಬಿಟ್ಟಿದೆ ಅಥವಾ ಸುತ್ತಲಿನ ರಬ್ಬರ್ ಹೋಗಿದೆ ಅಂತ ಅರ್ಥ. ಕೆಲವರು ಕೆಳಗೆ ತೂತು ಕೊರೆದು ನೀರು ಬಿಡುತ್ತಾರೆ. ನನಗೆ ಅದು ಸರಿ ಕಾಣುವುದಿಲ್ಲ. ಹೊರಗೆ ಹೋದ ದಾರಿಯಲ್ಲೇ ಚಕ್ರದ ನೀರು ಒಳಗೂ ಬರುತ್ತದೆ. ರಬ್ಬರ್ ಹಾಕಿಸಿ, ಇಲ್ಲವೇ ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನಲ್ಲಿ ವಿಚಾರಿಸಿ, ಹಳೇ ಕಾರಿನ ಅಸೆಂಬ್ಲಿ ಹುಡುಕಿದರೆ ಸಿಗುತ್ತದೆ. ನನ್ನ ಗುಳ್ಳೆ ಎದ್ದ ಬಲಗಡೆಯದ್ದನ್ನು ಅಲ್ಲಿಂದಲೇ ತಂದು ಹಾಕಿಸಿದ್ದು.

ಒಡೆದ ಗಾಜನ್ನು ಹಾಗೇ ಬಿಟ್ಟು ಓಡಿಸುವುದಂತೂ ಬಹಳ ಅಪಾಯ. ಕೆಂಪು ಗಾಜು ಬಿದ್ದುಹೋದರೆ ಹಿಂದಕ್ಕೆ ಬಿಳಿ ಬೆಳಕು ಬೀಳುತ್ತದೆ. ಆಗುಂಬೆ ಘಾಟಿಯ 14 ತಿರುವಿನಲ್ಲಿ ಮಂಜು ಕವಿದಾಗ ಎದುರಿಗೆ ಬಿಳಿ ಲೈಟು ಕಂಡರೆ ಏನಂದುಕೊಳ್ಳುತ್ತೀರಿ? ಯಾರೋ ಮೇಲೆ ಬರುತ್ತಿದ್ದಾರೆ ಅಂತ ತಾನೇ? ನಿಜಕ್ಕೂ ಅವನು ನಿಮ್ಮ ಮುಂದೆ ಕೆಳಗೆ ಇಳಿಯುತ್ತಿರುತ್ತಾನೆ, ನಿಧಾನಕ್ಕೆ. ಇನ್ನು ಹುಡುಗರು ಅಂದಕ್ಕೆ ಅಂಟಿಸುವ ಕಪ್ಪು ಹಾಳೆ. ಉರಿಯುವ ದೀಪಕ್ಕೆ ಬುರ್ಖಾ ಹಾಕುವ ಈ ಫ್ಯಾಷನ್ ನನಗೆ ಅರ್ಥವಾಗಿಲ್ಲ. ಬಲ್ಬಿನ ಜಾಗಕ್ಕೆ ಸುಮ್ನೆ ಬಿಳಿ ಎಲ್‌ಇಡಿ ತಂದು ಸಿಕ್ಕಿಸುವವರೂ ಇದ್ದಾರೆ. ಕೆಂಪು ಗಾಜಿನ ಹಿಂದೆ ಅದು ಸಪ್ಪೆ ಗುಲಾಬಿಯಾಗಿ ಕಾಣುತ್ತದೆ. ಹಾಕಲೇಬೇಕು ಅಂತಿದ್ದರೆ ಕೆಂಪು ಎಲ್‌ಇಡಿ ಕೇಳಿ.

ಹೊಸ ಕಾರಿನವರು ನಗಬೇಡಿ, ನಿಮ್ಮದೂ ಒಂದಿದೆ. ನನ್ನ ತಂಗಿಯ ಮಗನ ಕಾರಿಗೆ ಮುಂದೆ ಹಗಲು ಉರಿಯುವ ಡಿಆರ್‌ಎಲ್ ಇದೆ. ಮಳೆಯಲ್ಲಿ ಮುಂದೆ ಬೆಳ್ಳಗೆ ಬೆಳಕು, ಒಳಗೆ ಡ್ಯಾಶ್‌ಬೋರ್ಡೂ ಝಗಮಗ. ಲೈಟ್ ಹಾಕಿದ್ದೇನೆ ಅಂತಲೇ ಅವನು ಓಡಿಸುತ್ತಿದ್ದ. ಅವನ ಹಿಂದೆ ಮಾಳೂರು ತನಕ ಹೋದೆ. ಹಿಂದೆ ಕಗ್ಗತ್ತಲೆ. ಅವನ ಕಾರಿನಲ್ಲಿ ಡಿಆರ್‌ಎಲ್ ಉರಿದರೆ ಹಿಂದಿನ ಲೈಟು ಉರಿಯುವುದಿಲ್ಲ, ಸ್ವಿಚ್ ತಿರುಗಿಸಲೇಬೇಕು. ಎಷ್ಟೋ ಕಾರುಗಳು ಹಾಗೇ ಇವೆ. ಬೈಕುಗಳಿಗೆ 2017ರ ಏಪ್ರಿಲ್‌ನಿಂದ ಲೈಟು ತಾನಾಗಿಯೇ ಉರಿಯುವಂತೆ ಮಾಡಿದ್ದಾರೆ, ಎಷ್ಟೋ ಕಾರಿಗೆ ಇನ್ನೂ ನಮ್ಮ ಕೈಯೇ ಗತಿ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳು ರಾತ್ರಿ ಮಾತ್ರ ಅಂತ ಹೇಳಿಲ್ಲ, ಬೆಳಕು ಸಾಲದೆ ಇದ್ದಾಗಲೆಲ್ಲ ಲೈಟು ಬೇಕು ಅಂತ ಹೇಳುತ್ತವೆ. ಆಷಾಢದಲ್ಲಿ ನಮ್ಮ ಕಡೆ ಮಧ್ಯಾಹ್ನ ಮೂರಕ್ಕೇ ಬೆಳಕು ಸಾಲುವುದಿಲ್ಲ.

ಮಳೆ ಬಂತು ಅಂತ ನಾಲ್ಕೂ ಇಂಡಿಕೇಟರ್ ಹಾಕಿಕೊಂಡು ಘಾಟಿ ಇಳಿಯುವವರಿಗೂ ಒಂದು ಮಾತು. ನೀವು ಯಾವ ಕಡೆ ತಿರುಗುತ್ತೀರಿ ಅಂತ ಆಗ ಯಾರಿಗೂ ಗೊತ್ತಾಗುವುದಿಲ್ಲ. ಅದು ನಿಂತ ಗಾಡಿಗೆ ಇರುವ ಲೈಟು. ಲಾರಿಯವರು ಬಲಗಡೆ ಇಂಡಿಕೇಟರ್ ಹಾಕಿದಾಗ ಬಲಕ್ಕೆ ತಿರುಗುತ್ತಾರೋ, "ನೀನು ಹೋಗು" ಅನ್ನುತ್ತಾರೋ ಅನ್ನುವುದು 14 ವರ್ಷವಾದರೂ ನನಗೆ ಬಗೆಹರಿದಿಲ್ಲ. ಅದರ ಮೇಲೆ ಇದೂ ಸೇರಿದರೆ ಓಡಿಸುವುದು ಹೇಗೆ?

ಟ್ರ್ಯಾಕ್ಟರ್ ಟ್ರೈಲರಿನ ಬಗ್ಗೆ ಬರೆದು ಬರೆದು ನಿಮ್ಮ ಓದುಗರಿಗೂ ಸಾಕಾಗಿರಬೇಕು. ಆದರೂ ಹೇಳುತ್ತೇನೆ. ಹುಲ್ಲು ಹೇರಿದರೆ ಇದ್ದ ಲೈಟೂ ಮುಚ್ಚಿಹೋಗುತ್ತದೆ. ಕೆಂಪು ರಿಫ್ಲೆಕ್ಟರ್ ಪಟ್ಟಿ ಅಂಟಿಸಲು ಕರೆಂಟೂ ಬೇಡ, ವೈರೂ ಬೇಡ.

ನನ್ನ ಕೋರಿಕೆ ದೊಡ್ಡದೇನಲ್ಲ. ಪೆಟ್ರೋಲ್ ಬಂಕಿನವರು ಹೊರಗೆ ಹೋಗುವ ದಾರಿಯ ಗೋಡೆಗೆ ಒಂದು ದೊಡ್ಡ ಕನ್ನಡಿ ಹಾಕಿಸಲಿ. ಗಾಡಿ ನಿಲ್ಲಿಸಿ, ಬ್ರೇಕ್ ಒತ್ತಿ, ತಮ್ಮ ಬೆನ್ನು ತಾವೇ ನೋಡಿಕೊಂಡು ಹೋಗುವ ಹಾಗೆ. ಕನ್ನಡಿ ದುಬಾರಿಯಾದರೆ ಗೋಡೆಗೆ ಒಂದು ಕೈ ಸುಣ್ಣ ಬಳಿಯಲಿ, ನಮ್ಮ ಕೊಟ್ಟಿಗೆಗೆ ಅಷ್ಟೇ ಇರುವುದು. ಘಾಟಿಯ ಚೆಕ್‌ಪೋಸ್ಟುಗಳಲ್ಲಿ ಗೇಟು ಎತ್ತುವ ಸಿಬ್ಬಂದಿ, "ಒಂದ್ಸಲ ಬ್ರೇಕ್ ಒತ್ತಿ" ಅನ್ನಲಿ. ಗಾಡಿ ಹೇಗೂ ನಿಂತೇ ಇರುತ್ತದೆ. ಪೊಲೀಸರು ದಂಡ ಹಾಕಲಿ, ಬೇಡ ಅನ್ನುವುದಿಲ್ಲ. ರಸೀದಿ ಜೊತೆ ಒಂದು ಬಲ್ಬೂ ಕೊಟ್ಟು ದುಡ್ಡು ಇಸಿದುಕೊಂಡರೆ ಆ ಗಾಡಿ ಅವತ್ತು ರಾತ್ರಿಯೇ ಬೆಳಕಿನಲ್ಲಿ ಮನೆಗೆ ಹೋಗುತ್ತದೆ. ಬರೀ ದಂಡ ಕಟ್ಟಿದವನು ಕತ್ತಲೆಯಲ್ಲೇ ಹೋಗುತ್ತಾನೆ.

ಉಳಿದದ್ದು ನಾವೇ ಮಾಡಬೇಕಾದ ಕೆಲಸ. ಮುಂದಿನ ಗಾಡಿಯ ಲೈಟು ಹೋಗಿದ್ದು ಕಂಡರೆ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಹೋಗಿ ಹೇಳಿ. "ಅಣ್ಣಾ, ಹಿಂದೆ ಎಡಗಡೆ ಲೈಟಿಲ್ಲ." ನಾಲ್ಕೇ ಮಾತು. ಬಲವೋ ಎಡವೋ, ಬ್ರೇಕೋ ಇಂಡಿಕೇಟರೋ ಅನ್ನುವುದನ್ನು ಸೇರಿಸಿ ಹೇಳಿದರೆ ಅವರಿಗೆ ಹುಡುಕಲು ಸುಲಭ. ಓಡುವಾಗ ಪಕ್ಕಕ್ಕೆ ಹೋಗಿ ಕೂಗಲು ಹೋಗಬೇಡಿ, ಅದು ಇನ್ನೊಂದು ಅನಾಹುತ.

ನಾನು ಶುರು ಮಾಡಿದ್ದೇನೆ. ಎಲ್ಲರೂ ಒಂದೇ ಥರ ಇರುವುದಿಲ್ಲ. ಕೊಪ್ಪ ಸರ್ಕಲ್ಲಿನ ಹತ್ತಿರ ಒಬ್ಬರಿಗೆ ಹೇಳಿದೆ. ದೊಡ್ಡ ಕಾರು, ಕಿಟಕಿ ನಾಲ್ಕು ಬೆರಳು ಇಳಿಸಿ, "ಗೊತ್ತು, ನಿಮ್ದು ನೋಡ್ಕೊಳ್ಳಿ" ಅಂದರು. ನನ್ನದು ನೋಡಿಕೊಂಡೇ ಬಂದಿದ್ದೆ, ಆದರೆ ಅಷ್ಟರಲ್ಲಿ ಕಿಟಕಿ ಏರಿತು. ಅದೇ ದಿನ ಆಟೋ ಓಡಿಸುವ ಹುಡುಗನೊಬ್ಬನಿಗೆ ಹೇಳಿದರೆ, ಅಲ್ಲೇ ಇಳಿದು ಹಿಂದೆ ಹೋಗಿ ಅಂಗೈಯಲ್ಲಿ ಲೈಟಿಗೆ ಎರಡು ತಟ್ಟಿದ. ಹತ್ತಿಕೊಂಡಿತು. "ಲೂಸ್ ಆಗಿತ್ತು ಅಮ್ಮ" ಅಂತ ನಕ್ಕ. ತಟ್ಟಿದರೆ ಹತ್ತುವ ಲೈಟು ಮುಂದಿನ ಗುಂಡಿಗೇ ಆರುತ್ತದೆ, ಹೋಲ್ಡರ್ ಉಜ್ಜಿಸು ಅಂತ ಹೇಳಿ ಎಮರಿ ಪೇಪರಿನ ಚೂರು ಕೊಟ್ಟೆ. ಈಗ ಪರ್ಸಿನಲ್ಲಿ ಅದೂ ಇರುತ್ತದೆ.

ಮಂಡಗದ್ದೆಯಲ್ಲಿ ಅವತ್ತು ಆ ಬಸ್ ಡ್ರೈವರ್ ಅಲ್ಲಿಗೇ ಬಿಡಲಿಲ್ಲ. "ನಾನು ನಿಮ್ಮ ಹಿಂದೆನೇ ಬರ್ತೀನಿ, ನಿಧಾನಕ್ಕೆ ಹೋಗಿ" ಅಂದು ತೀರ್ಥಹಳ್ಳಿ ತನಕ ಅಷ್ಟು ಜನ ತುಂಬಿದ ಬಸ್ಸನ್ನು ನನ್ನ ವೇಗಕ್ಕೆ ಓಡಿಸಿಕೊಂಡು ಬಂದರು. ನಲವತ್ತರ ಮೇಲೆ ನಾನು ಹೋಗಲಿಲ್ಲ. ಊರು ಬಂದ ಮೇಲೆ ಒಂದು ಹಾರ್ನ್ ಹೊಡೆದು ಸ್ಟ್ಯಾಂಡಿನ ಕಡೆ ತಿರುಗಿದರು. ಹೆಸರು ಕೇಳಲಿಲ್ಲ, ಬಸ್ಸಿನ ನಂಬರೂ ನೋಡಲಿಲ್ಲ. ನಿಮ್ಮ ಪತ್ರಿಕೆ ಬಸ್ ಸ್ಟ್ಯಾಂಡಿನಲ್ಲಿ ಬೆಳಗ್ಗೆ ಬೆಳಗ್ಗೆಯೇ ಸಿಗುತ್ತದೆ, ಅವರ ಕಣ್ಣಿಗೂ ಬೀಳಬಹುದು. ಅಣ್ಣಾ, ಎರಡೂ ಕಡೆ ಲೈಟು ಉರಿಯುತ್ತಿದೆ. ಬ್ರೇಕ್ ಒತ್ತಿದರೆ ಜಾಸ್ತಿಯಾಗುತ್ತದೆ.

ಇಂತಿ,
ನಿವೃತ್ತ ಅಂಚೆ ನೌಕರಳು, ಅಡಿಕೆ ಬೆಳೆಗಾರ್ತಿ
ತೀರ್ಥಹಳ್ಳಿ ತಾಲ್ಲೂಕು